ಒಂಚೊಮ್ ಮೇಲೆ ಕೆಂಪು, ಅಡಿಯಲ್ಲಿ ಲೋಳೆ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ

ಮೇಲೆ ಕಿತ್ತಳೆ ಬಣ್ಣ ಚೆನ್ನಾಗಿಯೇ ಬಂದಿತ್ತು. ಬಾಳೆಲೆ ಬಿಡಿಸಿ ತಿರುಗಿಸಿದರೆ ಅಡಿಯೆಲ್ಲ ಲೋಳೆ. ಮೂಗಿನ ಹತ್ತಿರ ತಂದರೆ ಹಳಸಿದ ಹಿಟ್ಟಿನ ವಾಸನೆ. ಒಂಚೊಮ್ ಅಂದರೆ ಸೋಯಾ ಚರಟದ ಮೇಲೆ ಬೂಸ್ಟು ಬೆಳೆಸಿ ಮಾಡುವ ಬಿಲ್ಲೆ. ಇಂಡೊನೇಷ್ಯಾದ ಬಾಂಡುಂಗ್‌ನ ಬಾಡಿಗೆ ಮನೆಯಲ್ಲಿ ನಾನು ಮಾಡಿದ ಮೊದಲ ಮೂರು ಒಂಚೊಮ್ ಹೀಗೇ ಆದವು. ಮೂರೂ ಸಲ ಹೆಪ್ಪು ಸರಿಯಿಲ್ಲ ಅಂದುಕೊಂಡೆ. ಪ್ರತಿ ಸಲ ಬೇರೆ ಕಡೆಯಿಂದ ಹೊಸ ಹೆಪ್ಪು ತಂದೆ. ಕೊನೆಗೆ ಗೊತ್ತಾಯಿತು, ಹೆಪ್ಪು ಮೂರೂ ಸಲ ಚೆನ್ನಾಗಿಯೇ ಇತ್ತು. ಕೆಟ್ಟಿದ್ದು ಚರಟ. ಅದೂ ಹೆಪ್ಪು ಹಾಕುವ ಮೊದಲೇ.

ಆಮೇಲೆ ಒಂಚೊಮ್ ಕೆಟ್ಟಾಗಲೆಲ್ಲ ನಾನು ಮೊದಲು ಚರಟವನ್ನೇ ನೋಡುತ್ತೇನೆ. ಹೆಪ್ಪಿನ ವಿಚಾರಣೆ ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹೊಸಬರಿಗೆ ಎರಡು ಮಾತು. ಒಂಚೊಮ್ ಪಶ್ಚಿಮ ಜಾವಾದ ಸುಂಡಾ ಜನರ ತಿನಿಸು. ತೋಫು ಮಾಡುವಾಗ ಸೋಯಾ ನೆನೆಸಿ, ರುಬ್ಬಿ, ಹಾಲು ಸೋಸುತ್ತಾರೆ. ಬಟ್ಟೆಯಲ್ಲಿ ಉಳಿಯುವ ಚರಟಕ್ಕೆ ಅಲ್ಲಿ ಅಂಪಾಸ್ ತಾಹು ಎನ್ನುತ್ತಾರೆ. ಬಾಂಡುಂಗ್‌ನ ಚಿಬುಂಟು ತೋಫು ಮಾಡುವವರ ಬಡಾವಣೆ. ಇಂಥ ಕಡೆ ದಿನವೂ ರಾಶಿಗಟ್ಟಲೆ ಚರಟ ಉಳಿಯುತ್ತದೆ. ಅದನ್ನು ಹಿಂಡಿ, ಹಬೆಯಲ್ಲಿ ಬೇಯಿಸಿ, ಮೇಲೆ ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬೂಸ್ಟು ಬೆಳೆಸಿದರೆ ಕೆಂಪು ಒಂಚೊಮ್, ಅಂದರೆ ಒಂಚೊಮ್ ಮೆರಾ. ಅದೇ ಚರಟಕ್ಕೆ ತೆಂಪೆಯ (ಸೋಯಾ ಕಾಳನ್ನು ಹುದುಗಿಸಿ ಮಾಡುವ ಬಿಲ್ಲೆ) ರೈಜೋಪಸ್ ಬೂಸ್ಟು ಹಾಕಿದರೆ ಮಧ್ಯ ಮತ್ತು ಪೂರ್ವ ಜಾವಾದ ತೆಂಪೆ ಗೆಂಬುಸ್. ಕಪ್ಪು ಒಂಚೊಮ್ ಅಂತಲೂ ಒಂದಿದೆ, ಅದಕ್ಕೆ ಹೆಚ್ಚಾಗಿ ಕಡಲೆಕಾಯಿ ಹಿಂಡಿ ಬಳಸುತ್ತಾರೆ.

ಕನ್ನಡದವರು ಒಂದು ಪದದ ಬಗ್ಗೆ ಹುಷಾರಾಗಿರಬೇಕು. ಇಂಡೊನೇಷ್ಯಾದ ಭಾಷೆಯಲ್ಲಿ ಹೆಪ್ಪಿಗೆ 'ರಾಗಿ' ಎನ್ನುತ್ತಾರೆ. ರಾಗಿ ತೆಂಪೆ ಎಂದರೆ ತೆಂಪೆಗೆ ಹಾಕುವ ಹೆಪ್ಪು. ನಮ್ಮ ರಾಗಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನವರ ವಿಧಾನ ಓದಿ ರಾಗಿ ಹಿಟ್ಟು ಬೆರೆಸಿಬಿಟ್ಟೀರಿ. ಈ ಬರಹದಲ್ಲಿ ನಾನು ಹೆಪ್ಪು ಎಂದೇ ಬರೆಯುತ್ತೇನೆ.

ಸರಿಯಾದದ್ದು ಹೇಗಿರುತ್ತದೆ

ಇದು ಗೊತ್ತಿಲ್ಲದೆ ತಪ್ಪು ಹುಡುಕಲು ಆಗುವುದಿಲ್ಲ. ಒಳ್ಳೆಯ ಕೆಂಪು ಒಂಚೊಮ್ ಎರಡು ಮೂರು ಸೆಂಟಿಮೀಟರ್ ದಪ್ಪದ ಮೆತ್ತಗಿನ ಬಿಲ್ಲೆ. ಮೇಲೆ ಒಣಗಿದ, ಪುಡಿಪುಡಿಯಾದ ಕಿತ್ತಳೆ ಬಣ್ಣ. ಮುಟ್ಟಿದರೆ ಅರಿಶಿನದ ಹಾಗೆ ಬೆರಳಿಗೆ ಹತ್ತುತ್ತದೆ. ಕತ್ತರಿಸಿದರೆ ಒಳಗೆ ಮಾಸಲು ಬಿಳಿ, ಬೂಸ್ಟಿನ ಎಳೆಗಳು ಚರಟವನ್ನು ಹಿಡಿದುಕೊಂಡಿರುತ್ತವೆ. ವಾಸನೆ ಹಣ್ಣಿನದು, ಸ್ವಲ್ಪ ಅಣಬೆಯದು. ಈ ಹಣ್ಣಿನ ಪರಿಮಳ ಕೇಳಿ ಕೆಲವರು ಕೆಟ್ಟಿತೆಂದು ಎಸೆಯುತ್ತಾರೆ. ಎಸೆಯಬೇಡಿ. ಅದು ನ್ಯೂರೋಸ್ಪೋರಾದ ಸ್ವಂತ ಪರಿಮಳ.

ಬಾಂಡುಂಗ್‌ನ ಹವೆಯಲ್ಲಿ ಇಷ್ಟಾಗಲು ಎರಡು ಮೂರು ದಿನ ಬೇಕು. ಆ ಊರು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಹಗಲು ಹಿತವಾದ ಬೆಚ್ಚಗೆ, ರಾತ್ರಿ ತಂಪು. ಬೆಂಗಳೂರಿನಲ್ಲಿ ಇದ್ದವರಿಗೆ ಈ ಹವೆ ಹೊಸದಲ್ಲ.

ಅಡಿಯಲ್ಲಿ ಲೋಳೆ, ಹುಳಿ ವಾಸನೆ

ಹತ್ತಕ್ಕೆ ಎಂಟು ದೂರು ಇದೇ ಅಂತ ನನ್ನ ಅನುಭವ. ಇದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ.

ತಪ್ಪು ಹಿಡಿದುಕೊಟ್ಟದ್ದು ಮೂರು ತಟ್ಟೆಯ ಪರೀಕ್ಷೆ. ನಾಲ್ಕನೇ ಸಲ ಬೇಯಿಸಿದ ಚರಟವನ್ನು ಮೂರು ಪಾಲು ಮಾಡಿದೆ. ಮೊದಲ ತಟ್ಟೆಗೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಹೆಪ್ಪು. ಮೂರನೆಯದನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ನೀರು ಆರಿಸಿ, ಆಮೇಲೆ ಹೆಪ್ಪು ಹಾಕಿದೆ. ಮೂರಕ್ಕೂ ಬಾಳೆಲೆ ಮುಚ್ಚಿ ಒಂದೇ ಕಡೆ ಇಟ್ಟೆ. ಮಾರನೆಯ ಬೆಳಿಗ್ಗೆ ಏನೂ ಹಾಕದ ತಟ್ಟೆಯೂ ಹುಳಿಯಾಗಿತ್ತು. ಮೂರನೆಯದರಲ್ಲಿ ಮಾತ್ರ ಬಿಳಿ ನವಿರು ಅಡಿಯವರೆಗೂ ಇಳಿದಿತ್ತು.

ಹೆಪ್ಪು ಹಾಕದ ಚರಟವೇ ಹುಳಿಯಾದರೆ ಹೆಪ್ಪನ್ನು ದೂರುವುದು ಹೇಗೆ? ಅದರೊಳಗೆ ಬ್ಯಾಕ್ಟೀರಿಯಾ ಮೊದಲೇ ಸೇರಿತ್ತು. ಬೇಕಾದಷ್ಟು ನೀರೂ ಇತ್ತು. ಬೂಸ್ಟಿಗೆ ಗಾಳಿ ಬೇಕು. ನೀರು ತುಂಬಿದ ಚರಟದ ಅಡಿಗೆ ಗಾಳಿ ಇಳಿಯುವುದಿಲ್ಲ. ಅಲ್ಲಿ ಬ್ಯಾಕ್ಟೀರಿಯಾ ಗೆಲ್ಲುತ್ತದೆ, ಮೇಲೆ ಬೂಸ್ಟು ಗೆಲ್ಲುತ್ತದೆ. ಮೇಲೆ ಕೆಂಪು, ಕೆಳಗೆ ಲೋಳೆ ಆಗುವುದು ಹೀಗೆ.

ನಿಮ್ಮದೂ ಹೀಗಾದರೆ ಮೊದಲು ಗಂಟೆ ಲೆಕ್ಕ ಹಾಕಿ. ಹಾಲು ಸೋಸಿದ ಮೇಲೆ ಚರಟ ಎಷ್ಟು ಹೊತ್ತು ಹೊರಗಿತ್ತು? ತಾಜಾ ಚರಟದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಜೊತೆಗೆ ಪ್ರೋಟೀನ್, ಸ್ವಲ್ಪ ಸಕ್ಕರೆ. ಬೆಚ್ಚಗಿನ ಮಧ್ಯಾಹ್ನ ನಾಲ್ಕೈದು ಗಂಟೆ ಬಿಟ್ಟರೆ ಸಾಕು, ಕೆಡಲು ಶುರುವಾಗುತ್ತದೆ. ನಾನು ತೋಫು ಮಾಡುವವರ ಮನೆಯಿಂದ ಬೆಳಿಗ್ಗೆ ತಂದು, ಕೆಲಸ ಮುಗಿಸಿ ಸಂಜೆ ಬೇಯಿಸುತ್ತಿದ್ದೆ. ಮೂಲ ತಪ್ಪು ಅದೇ. ಒಂಚೊಮ್ ಮಾಡುವ ಮನೆಗಳಲ್ಲಿ ಚರಟ ಬಂದ ಕೂಡಲೇ ಕೆಲಸ ಶುರುವಾಗುವುದನ್ನು ನೋಡಿದ್ದೆ. ಅದು ಯಾಕೆ ಅಂತ ಆಗ ಯೋಚಿಸಿರಲಿಲ್ಲ. ತಕ್ಷಣ ಬೇಯಿಸಲು ಆಗದಿದ್ದರೆ ಫ್ರಿಜ್ಜಿನಲ್ಲಿ ತೆಳುವಾಗಿ ಹರಡಿ ಇಡಿ. ದೊಡ್ಡ ಉಂಡೆಯಾಗಿ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಆಮೇಲೆ ಮುಷ್ಟಿ ಪರೀಕ್ಷೆ. ಹಿಂಡಿದ ಚರಟವನ್ನು ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ. ಬೆರಳ ಸಂದಿಯಲ್ಲಿ ನೀರು ಜಿನುಗಿದರೆ ಇನ್ನೂ ಹಿಂಡಬೇಕು. ಉಂಡೆಯಾಗಿ ನಿಂತು, ಹೆಬ್ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಅದು ಸರಿಯಾದ ಹದ. ಉಂಡೆಯೇ ಕಟ್ಟದಿದ್ದರೆ ಅತಿಯಾಗಿ ಒಣಗಿದೆ. ಕೈಯಲ್ಲಿ ಸುಮ್ನೆ ಒತ್ತಿದರೆ ಸಾಲದು. ಹಳೆಯ ಪಂಚೆ ತುಂಡಿನಲ್ಲಿ ಕಟ್ಟಿ, ತಿರುಚಿ, ಮೇಲೆ ಒರಳುಗುಂಡಿನಂಥ ಭಾರ ಇಟ್ಟು ಅರ್ಧ ಗಂಟೆ ಬಿಡಿ.

ಹಬೆಯಲ್ಲೂ ನೀರು ಮತ್ತೆ ಸೇರಿಕೊಳ್ಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಎಲ್ಲ ಶ್ರಮ ವ್ಯರ್ಥವಾಗುತ್ತದೆ. ಮುಚ್ಚಳದ ಅಡಿಗೆ ಬಟ್ಟೆ ಕಟ್ಟಿ. ಬೆಂದ ಮೇಲೆ ಅಗಲವಾದ ತಟ್ಟೆಯಲ್ಲಿ ಹರಡಿ, ಬೀಸಣಿಗೆಯಿಂದ ಗಾಳಿ ಹಾಕಿ. ಬೇಗ ಆರಬೇಕು, ಆವಿಯೂ ಹೋಗಬೇಕು. ಹೆಪ್ಪು ಹಾಕುವಾಗ ಉಗುರು ಬೆಚ್ಚಗಿದ್ದರೆ ಸಾಕು.

ಕೊನೆಯದು ದಪ್ಪ. ಮೂರು ಸೆಂಟಿಮೀಟರ್ ದಾಟಿದರೆ ಎಷ್ಟು ಹಿಂಡಿದ್ದರೂ ನಡುವೆ ಗಾಳಿ ಸಾಲುವುದಿಲ್ಲ. ಸ್ಟೀಲ್ ತಟ್ಟೆಯಲ್ಲಿ ಇಟ್ಟರೆ ಅಡಿಯಲ್ಲಿ ನೀರು ಕೂರುತ್ತದೆ. ಜಾವಾದಲ್ಲಿ ಬಿದಿರಿನ ತಟ್ಟೆ, ಅದರ ಮೇಲೆ ಬಾಳೆಲೆ ಬಳಸುತ್ತಾರೆ. ಮೊರದ ಮೇಲೆ ಬಾಳೆಲೆ ಹಾಸಿ, ಎಲೆಗೆ ಅಲ್ಲಲ್ಲಿ ಕಡ್ಡಿಯಿಂದ ತೂತು ಮಾಡಿದರೂ ಆಗುತ್ತದೆ.

ಮೂತ್ರದಂಥ ಘಾಟು

ಹುಳಿಯಲ್ಲದೆ ಅಮೋನಿಯಾದ ಘಾಟು ಬಂದರೆ ಕಾರಣ ಬೇರೆ. ಬಿಲ್ಲೆಯನ್ನು ಮುರಿದಾಗ ನೂಲು ನೂಲಾಗಿ ಎಳೆದುಕೊಂಡು ಬಂದರೆ ಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾ ಬೆಳೆದಿದೆ. ಇವುಗಳ ಬೀಜಾಣು ನೂರು ಡಿಗ್ರಿ ಹಬೆಯಲ್ಲೂ ಉಳಿಯುತ್ತವೆ. ಇನ್ನೂ ಹೆಚ್ಚು ಬೇಯಿಸಿ ಅವನ್ನು ಸೋಲಿಸಲು ಆಗುವುದಿಲ್ಲ. ಬೇಗ ಆರಿಸಿ, ತಡಮಾಡದೆ ಹೆಪ್ಪು ಹಾಕಿ, ಬೂಸ್ಟಿಗೆ ಮುಂಚೂಣಿ ಕೊಡಬೇಕು. ಒಂದು ಕಿಲೊ ಚರಟಕ್ಕೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿದರೆ ಒಳ್ಳೆಯದು. ಸ್ವಲ್ಪ ಹುಳಿಯಿದ್ದರೆ ಬೂಸ್ಟಿಗೆ ತೊಂದರೆಯಿಲ್ಲ, ಬ್ಯಾಸಿಲಸ್‌ಗೆ ಹಿಡಿಸುವುದಿಲ್ಲ. ತೆಂಪೆ ಗೆಂಬುಸ್ ಮಾಡುವವರು ಇದನ್ನು ಬಿಡಬಾರದು.

ನೂಲಿಲ್ಲದೆ ಬರೀ ಘಾಟಿದ್ದು, ಬಿಲ್ಲೆ ನಾಲ್ಕನೇ ದಿನಕ್ಕೆ ಬಿದ್ದಿದ್ದರೆ, ಅದು ಅತಿಯಾಗಿ ಹುದುಗಿದೆ ಅಷ್ಟೇ. ಬೂಸ್ಟು ಪ್ರೋಟೀನನ್ನು ಒಡೆಯುತ್ತಾ ಹೋದಂತೆ ಅಮೋನಿಯಾ ಬರುತ್ತದೆ. ಮುಂದಿನ ಸಲ ಒಂದು ದಿನ ಮೊದಲೇ ತೆಗೆಯಿರಿ.

ಏನೂ ಬೆಳೆಯಲಿಲ್ಲ

ಮೂವತ್ತಾರು ಗಂಟೆ ಕಳೆದರೂ ಬಿಳಿ ನವಿರು ಕಾಣದಿದ್ದರೆ ಆಗ ಹೆಪ್ಪಿನ ಕಡೆ ತಿರುಗಿ. ಬೆಂದ ಅನ್ನದ ಸಣ್ಣ ಉಂಡೆಯ ಮೇಲೆ ಚಿಟಿಕೆ ಹೆಪ್ಪು ಉದುರಿಸಿ, ಮುಚ್ಚಿದ ಡಬ್ಬಿಯಲ್ಲಿ ಬೆಚ್ಚಗಿಡಿ. ಒಂದೂವರೆ ದಿನದಲ್ಲಿ ಅದರ ಮೇಲೂ ಏನೂ ಬಾರದಿದ್ದರೆ ಹೆಪ್ಪು ಸತ್ತಿದೆ. ಬಂದರೆ ಹೆಪ್ಪು ಜೀವಂತವಾಗಿದೆ, ನೀವು ಅದನ್ನು ಬಿಸಿ ಚರಟಕ್ಕೆ ಹಾಕಿ ಕೊಂದಿರಬಹುದು, ಇಲ್ಲವೇ ಚಳಿಗೆ ಅದು ನಿಧಾನವಾಗಿರಬಹುದು. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿ ಇಡ್ಲಿ ಹಿಟ್ಟೇ ಉಬ್ಬುವುದಿಲ್ಲ, ಅಲ್ವಾ? ಹಿಟ್ಟಿಗೆ ಮಾಡುವ ಹಾಗೆ ಇದಕ್ಕೂ ಕಂಬಳಿ ಹೊದಿಸಿ ಬೆಚ್ಚಗಿಡಿ. 28ರಿಂದ 32 ಡಿಗ್ರಿ ಇಬ್ಬರಿಗೂ ಹಿತ, ನ್ಯೂರೋಸ್ಪೋರಾಕ್ಕೂ ರೈಜೋಪಸ್‌ಗೂ. ಬೆಳೆಯಲು ಶುರುವಾದ ಮೇಲೆ ಬೂಸ್ಟು ತಾನೇ ಬಿಸಿ ಹುಟ್ಟಿಸುತ್ತದೆ. ಆಗ ಕಂಬಳಿ ತೆಗೆಯಬೇಕು, ಇಲ್ಲದಿದ್ದರೆ ನಡುಭಾಗ ಬೆಂದಂತಾಗಿ ಬೂಸ್ಟು ಸಾಯುತ್ತದೆ.

ಬಿಳಿ ಬಂತು, ಕೆಂಪಾಗಲಿಲ್ಲ

ಗಾಬರಿ ಬೇಡ. ಮೊದಲ ದಿನ ಬೂಸ್ಟು ಮುಚ್ಚಿಟ್ಟಲ್ಲೇ ಬೆಳೆಯುತ್ತದೆ, ಬಿಳಿಯಾಗಿಯೇ ಇರುತ್ತದೆ. ಕಿತ್ತಳೆ ಬಣ್ಣ ಬರುವುದು ಮೇಲ್ಮೈಯಲ್ಲಿ ಬೀಜಾಣು ಕಟ್ಟಿದಾಗ, ಅದಕ್ಕೆ ತೆರೆದ ಗಾಳಿ ಬೇಕು. ಬೆಳಕು ಸಿಕ್ಕರೆ ಬಣ್ಣ ಇನ್ನೂ ಗಾಢ. ಈ ಬಣ್ಣ ಕ್ಯಾರೊಟಿನಾಯ್ಡ್, ಅಂದರೆ ಗಜ್ಜರಿಯ ಬಣ್ಣದ ಬಳಗದ್ದು. ಬಿಳಿ ಪೂರ್ತಿ ಹರಡಿದ ಮೇಲೆ ಎಲೆ ತೆಗೆದು, ತೆಳು ಬಟ್ಟೆ ಮಾತ್ರ ಮುಚ್ಚಿ, ಕಿಟಕಿಯ ಬೆಳಕು ಬೀಳುವ ಕಡೆ ಇಡಿ. ನೇರ ಬಿಸಿಲು ಬೇಡ, ಒಣಗಿಬಿಡುತ್ತದೆ.

ಎರಡು ದಿನ ಗಾಳಿಗಿಟ್ಟರೂ ಬಿಳಿಯೇ ಇದ್ದು, ಆಮೇಲೆ ಬೂದು ಕಪ್ಪಿಗೆ ತಿರುಗಿದರೆ ನಿಮ್ಮ ಕೈಯಲ್ಲಿರುವುದು ರೈಜೋಪಸ್ ಹೆಪ್ಪು. ನೀವು ಮಾಡಿದ್ದು ಒಂಚೊಮ್ ಅಲ್ಲ, ತೆಂಪೆ ಗೆಂಬುಸ್. ನಮ್ಮಲ್ಲಿ ತೆಂಪೆ ಹೆಪ್ಪು ಎಂದು ಸಿಗುವುದು ಇದೇ. ವಾಸನೆ ಚೆನ್ನಾಗಿದ್ದರೆ ಧಾರಾಳವಾಗಿ ಬೇಯಿಸಿ ತಿನ್ನಿ. ಆ ಬೂದು ಕಪ್ಪು ಅದರ ಬೀಜಾಣು. ಗಾಳಿ ಜಾಸ್ತಿಯಾದಾಗ, ಹೊತ್ತು ಮೀರಿದಾಗ ಬರುತ್ತದೆ.

ಬಣ್ಣ ಬಂತು, ಆದರೆ ಬೇರೆ ಬಣ್ಣ

ಇಲ್ಲಿ ಉಳಿಸಿಕೊಳ್ಳುವ ಆಸೆ ಬೇಡ. ಹಸಿರು, ಹಳದಿ ಹಸಿರು, ನೀಲಿ ಚುಕ್ಕೆ ಕಂಡರೆ ಇಡೀ ಬಿಲ್ಲೆಯನ್ನು ಎಸೆಯಿರಿ. ಹಳದಿ ಹಸಿರು ಆಸ್ಪರ್ಜಿಲಸ್ ಇರಬಹುದು, ಅದರ ಕೆಲವು ತಳಿ ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಚುಕ್ಕೆ ಕೆತ್ತಿ ಉಳಿದದ್ದನ್ನು ಬಳಸಬೇಡಿ. ಗುಲಾಬಿ ಕೆಂಪು ಬಂದು ಅದು ಒದ್ದೆಯಾಗಿ ಹೊಳೆಯುತ್ತಿದ್ದರೆ ಬ್ಯಾಕ್ಟೀರಿಯಾ. ನ್ಯೂರೋಸ್ಪೋರಾ ಯಾವತ್ತೂ ಒಣ ಪುಡಿ, ಕಿತ್ತಳೆ. ಒದ್ದೆ ಗುಲಾಬಿಯನ್ನು ಒಂಚೊಮ್ ಬಣ್ಣ ಎಂದು ಭ್ರಮಿಸಬೇಡಿ.

ಕಡಲೆಕಾಯಿ ಹಿಂಡಿಯಲ್ಲಿ ಪ್ರಯತ್ನಿಸುವವರಿಗೂ ಇದೇ ಅಫ್ಲಟಾಕ್ಸಿನ್ ಭಯ. ದನಕ್ಕೆಂದು ಮಾರುವ ಹಿಂಡಿ ಬೇಡವೇ ಬೇಡ.

ಇನ್ನೊಂದು ಪ್ರಶ್ನೆ ಬರುತ್ತದೆ. ಬೇಯಿಸಿ ಎಸೆದ ಜೋಳದ ದಿಂಡಿನ ಮೇಲೆ, ಸುಟ್ಟ ಕಬ್ಬಿನ ಮೇಲೆ ನಮ್ಮಲ್ಲೂ ಕಿತ್ತಳೆ ಬೂಸ್ಟು ಬರುತ್ತದಲ್ಲ, ಅದನ್ನೇ ಹೆಪ್ಪು ಮಾಡಬಹುದಾ? ಬೂಸ್ಟು ನಮ್ಮ ನೆಲಕ್ಕೆ ಹೊಸದೇನಲ್ಲ. ಒಂಚೊಮ್‌ನಲ್ಲಿರುವ ನ್ಯೂರೋಸ್ಪೋರಾ ಇಂಟರ್‌ಮೀಡಿಯಾವೇ ಕಬ್ಬಿನ ಗದ್ದೆಯಲ್ಲಿ ಹೇಗೆ ಬದುಕುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿ ಅವರ ತಂಡ 1990ರ ದಶಕದಲ್ಲಿ ಅಧ್ಯಯನ ಮಾಡಿ ಪ್ರಕಟಿಸಿತ್ತು. ಆದರೂ ನನ್ನ ಉತ್ತರ ಬೇಡ ಎಂದೇ. ವಾಯು ಹಿಲ್-ಮೈನಿ ಮತ್ತು ಜೊತೆಗಾರರು 2024ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂಚೊಮ್‌ನಂಥ ಕಡೆ ಸಿಗುವ ತಳಿಗಳು ಕಾಡಿನ ತಳಿಗಳಿಗಿಂತ ಬೇರೆಯೇ ಬಳಗ ಎಂದು ತಿಳಿದುಬಂತು. ಚರಟದ ನಾರನ್ನು ಒಡೆಯುವುದರಲ್ಲಿ ಅವು ಪಳಗಿವೆ. ಅಷ್ಟೇ ಅಲ್ಲ, ಬೀದಿಯ ದಿಂಡಿನ ಮೇಲೆ ಕಿತ್ತಳೆಯ ಜೊತೆ ಇನ್ನೇನು ಕೂತಿದೆಯೋ ಕಣ್ಣಿಗೆ ಕಾಣುವುದಿಲ್ಲ.

ತೆಂಗಿನ ಚರಟ ಸೇರಿಸಬಹುದಾ?

ಬೇಡ. ಇದೊಂದನ್ನು ದಯವಿಟ್ಟು ಕೇಳಿ. ಕರಾವಳಿಯ ಮನೆಗಳಲ್ಲಿ ಕಾಯಿಹಾಲು ಹಿಂಡಿದ ಚರಟ ಯಾವಾಗಲೂ ಇರುತ್ತದೆ, ಸೋಯಾ ಚರಟದ ಜೊತೆ ಬೆರೆಸುವ ಯೋಚನೆ ಸಹಜವಾಗಿಯೇ ಬರುತ್ತದೆ.

ಮಧ್ಯ ಜಾವಾದ ಬನ್ಯುಮಾಸ್ ಸುತ್ತಮುತ್ತ ತೆಂಗಿನ ಹಿಂಡಿಯಿಂದ ತೆಂಪೆ ಬೊಂಕ್ರೆಕ್ ಮಾಡುತ್ತಿದ್ದರು. ಬಡವರ ಅಗ್ಗದ ಊಟ ಅದು. ಅದನ್ನು ತಿಂದು ಊರೂರುಗಳಲ್ಲಿ ಜನ ಸತ್ತರು. ಕಾರಣ ಬೂಸ್ಟಲ್ಲ, ಅದರ ಜೊತೆ ನುಸುಳುವ ಬರ್ಖೋಲ್ಡೇರಿಯಾ ಎಂಬ ಬ್ಯಾಕ್ಟೀರಿಯಾ. ತೆಂಗಿನ ಕೊಬ್ಬು ಸಿಕ್ಕರೆ ಅದು ಬೊಂಕ್ರೆಕಿಕ್ ಆಮ್ಲ ಎಂಬ ವಿಷ ಮಾಡುತ್ತದೆ. ಜೀವಕೋಶದಲ್ಲಿ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಾದ ಬಾಗಿಲನ್ನೇ ಆ ವಿಷ ಮುಚ್ಚುತ್ತದೆ. ಅದಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಮದ್ದೂ ಇಲ್ಲ. ಅದೇ ಬ್ಯಾಕ್ಟೀರಿಯಾ ಹಳದಿ ಬಣ್ಣದ ಇನ್ನೊಂದು ವಿಷವನ್ನೂ ಮಾಡುತ್ತದೆ, ಆದರೆ ಹಳದಿ ಕಾಣಲಿಲ್ಲ ಎಂದು ಧೈರ್ಯ ಮಾಡುವಂತಿಲ್ಲ. ಇಂಡೊನೇಷ್ಯಾ ಸರ್ಕಾರ 1988ರಲ್ಲಿ ತೆಂಪೆ ಬೊಂಕ್ರೆಕ್ ಅನ್ನು ನಿಷೇಧಿಸಿತು.

ಇದು ತೆಂಗಿಗೆ ಮಾತ್ರ ಸೇರಿದ್ದೂ ಅಲ್ಲ. 2020ರಲ್ಲಿ ಚೀನಾದ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದಲ್ಲಿ ಹುದುಗಿಸಿದ ಮೆಕ್ಕೆಜೋಳದ ಶ್ಯಾವಿಗೆ ತಿಂದು ಒಂದೇ ಊಟಕ್ಕೆ ಕೂತ 9 ಜನ ಸತ್ತರು, ಅದೇ ವಿಷದಿಂದ. ಹಾಗಾಗಿ ಲೋಳೆಯಾದ, ಬೂಸ್ಟು ಹಿಡಿಯದ, ಅನುಮಾನ ಹುಟ್ಟಿಸುವ ಯಾವ ಬಿಲ್ಲೆಯನ್ನೂ 'ಚೆನ್ನಾಗಿ ಕರಿದರೆ ಸರಿಹೋಗುತ್ತೆ' ಎಂದು ಉಳಿಸಿಕೊಳ್ಳಬೇಡಿ. ನನ್ನ ಮೂರು ಲೋಳೆ ಒಂಚೊಮ್‌ಗಳನ್ನು ರುಚಿ ಕೂಡ ನೋಡದೆ ಎಸೆದೆ. ಚರಟ ಹೇಗೂ ಉಳಿಕೆಯ ವಸ್ತು. ನಾಳೆ ಮತ್ತೆ ಸಿಗುತ್ತದೆ.

ಹಸಿ ಕಾಳಿನ ವಾಸನೆ

ಒಂಚೊಮ್ ನೋಡಲು ಚೆನ್ನಾಗಿದೆ, ತಿಂದರೆ ಹಸಿ ಸೋಯಾ ವಾಸನೆ, ಹೊಟ್ಟೆ ಉಬ್ಬರ. ರುಬ್ಬಿದ ಹಿಟ್ಟನ್ನು ಕುದಿಸಿ ಸೋಸಿದರೆ ಚರಟ ಅರ್ಧ ಬೆಂದಿರುತ್ತದೆ. ಹಸಿಯಾಗಿಯೇ ಸೋಸಿ ಹಾಲನ್ನು ಮಾತ್ರ ಕಾಯಿಸಿದರೆ ಚರಟ ಪೂರ್ತಿ ಹಸಿ. ಹಸಿ ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಿಮಾಡುವ ಅಂಶಗಳಿವೆ. ನಿಮ್ಮದು ಎರಡನೇ ರೀತಿಯದಾದರೆ ಒಂದು ಗಂಟೆ ಹಬೆ ಕೊಡಿ, ಮೊದಲನೆಯದಾದರೆ ಮುಕ್ಕಾಲು ಗಂಟೆ ಸಾಕು.

ಬಿಲ್ಲೆ ಉದುರುತ್ತದೆ

ಚರಟ ಅತಿಯಾಗಿ ಒಣಗಿರಬೇಕು, ಅಥವಾ ತುಂಬುವಾಗ ಒತ್ತಿರಲಿಕ್ಕಿಲ್ಲ. ಜಾವಾದಲ್ಲಿ ಮರಗೆಣಸಿನ ಪಿಷ್ಟ ತೆಗೆದ ಚರಟವನ್ನು ಸೇರಿಸುವುದುಂಟು, ಬೂಸ್ಟಿಗೆ ಆಹಾರವೂ ಆಯಿತು, ಬಿಲ್ಲೆಗೆ ಹಿಡಿತವೂ ಬಂತು. ಕಿಲೊಗೆ ಎರಡು ಚಮಚ ಮರಗೆಣಸಿನ ಹಿಟ್ಟನ್ನು ಬೇಯಿಸುವ ಮೊದಲೇ ಬೆರೆಸಿ ನೋಡಿ.

ಮನೆಯ ಬ್ರೆಡ್ ಎಲ್ಲ ಕಿತ್ತಳೆ

ಇದು ಒಂಚೊಮ್ ಕೆಟ್ಟ ಲಕ್ಷಣವಲ್ಲ, ಆದರೆ ಮನೆಯವರ ಸಿಟ್ಟಿಗೆ ಮುಖ್ಯ ಕಾರಣ. ನ್ಯೂರೋಸ್ಪೋರಾದ ಬೀಜಾಣು ಊದಿದರೆ ಹಾರುತ್ತವೆ. 1843ರಲ್ಲಿ ಪ್ಯಾರಿಸ್‌ನ ಬೇಕರಿಗಳಿಗೆ ಇದೇ ಬೂಸ್ಟು ದಾಳಿಯಿಟ್ಟಿತ್ತು. ಹಳೆಯ ಹೆಸರೇ ಕೆಂಪು ಬ್ರೆಡ್ ಬೂಸ್ಟು. ಬಿಲ್ಲೆಗಳನ್ನು ಅಡುಗೆಮನೆಯಿಂದ ದೂರ, ಗಾಳಿ ಬೀಸದ ಮೂಲೆಯಲ್ಲಿಡಿ. ಬಟ್ಟೆ ತೆಗೆಯುವಾಗ ಮೂಗಿಗೆ ಮಾಸ್ಕ್ ಹಾಕಿ. ಉಬ್ಬಸ ಇರುವವರಿದ್ದರೆ ಆ ಮನೆಯಲ್ಲಿ ಕೆಂಪು ಒಂಚೊಮ್ ಬೆಳೆಸದಿರುವುದೇ ಮೇಲು, ಗೆಂಬುಸ್ ಮಾಡಿ. ಆ ಬೂಸ್ಟನ್ನು ಬೀಜಾಣು ಕಟ್ಟುವ ಮೊದಲೇ, ಬಿಳಿ ಇರುವಾಗಲೇ ತೆಗೆಯಬಹುದು.

ನಾಲ್ಕನೇ ಸಲದ ಮೂರನೇ ತಟ್ಟೆ ಮೂರನೇ ದಿನ ಪೂರ್ತಿ ಕಿತ್ತಳೆಯಾಯಿತು. ಪಕ್ಕದ ಮನೆಯ ಅಜ್ಜಿ ಅದನ್ನು ಮುರಿದು, ಮೂಸಿ, ತಲೆಯಾಡಿಸಿದರು. ಬೆಳ್ಳುಳ್ಳಿ, ಮೆಣಸಿನಕಾಯಿ, ಕೆಂಚೂರ್ ಎಂಬ ಶುಂಠಿಯಂಥ ಗೆಡ್ಡೆಯ ಜೊತೆ ಹುರಿದು, ತುರಿದ ಮರಗೆಣಸಿನ ಕಣಕದೊಳಗೆ ತುಂಬಿ ಎಣ್ಣೆಯಲ್ಲಿ ಕರಿದುಕೊಟ್ಟರು. ಅದಕ್ಕೆ ಚೊಮ್ರೊ ಎನ್ನುತ್ತಾರೆ, ಒಂಚೊಮ್ ದಿ ಜೆರೊ, ಒಳಗೆ ಒಂಚೊಮ್ ಎಂದರ್ಥ. ಒಂದು ತುಂಡು ಬಿಲ್ಲೆಯನ್ನು ಮಾತ್ರ ಅವರು ಹುರಿಯದೆ ಎತ್ತಿಟ್ಟು, ಎಲೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮುಂದಿನ ಸಲದ ಹೆಪ್ಪಿಗೆ.